ಟೈಟಾನಿಯಂಗೆ ನೀರಿನೊಡನೆ ಇರುವ ತಕರಾರು: ಕ್ಯಾನ್ಸರ್ ಔಷಧವಾಗಲು ಹೊರಟ ಲೋಹವೊಂದರ ವಿಚಾರ

ಟೈಟಾನಿಯಂ ಮನುಷ್ಯನ ದೇಹಕ್ಕೆ ಅಪರಿಚಿತವಾದ ಲೋಹವಲ್ಲ. ಮುರಿದ ಮೂಳೆಯನ್ನು ಹಿಡಿದಿಡುವ ತಿರುಪು ಮೊಳೆ, ಸವೆದುಹೋದ ಸೊಂಟದ ಕೀಲಿನ ಜಾಗದಲ್ಲಿ ಕೂರಿಸುವ ಕೃತಕ ಕೀಲು, ಬಿದ್ದ ಹಲ್ಲಿನ ಬೇರಿಗೆ ಬದಲಾಗಿ ದವಡೆಯಲ್ಲಿ ನೆಡುವ ಆಧಾರ, ಇವೆಲ್ಲ ದಶಕಗಳಿಂದ ಈ ಲೋಹದಿಂದಲೇ ತಯಾರಾಗುತ್ತಿವೆ. ಹಾಗೆ ಒಳಸೇರಿದ ಟೈಟಾನಿಯಂ ವರ್ಷಗಟ್ಟಲೆ ರಕ್ತ ಮಾಂಸಗಳ ನಡುವೆ ಇದ್ದರೂ ತುಕ್ಕು ಹಿಡಿಯುವುದಿಲ್ಲ. ದೇಹವೂ ಅದನ್ನು ಹೊರಗಿನದೆಂದು ತಳ್ಳಿಹಾಕುವುದು ಅಪರೂಪ. ಲೋಹದ ಮೈಮೇಲೆ ಗಾಳಿ ತಾಗಿದೊಡನೆ ಮೂಡುವ, ಕೆಲವೇ ನ್ಯಾನೋಮೀಟರ್ ದಪ್ಪದ ಡೈಆಕ್ಸೈಡ್ ಪೊರೆಯೇ ಇದಕ್ಕೆ ಕಾರಣ. ಈ ಡೈಆಕ್ಸೈಡ್ ನೀರಿನಲ್ಲಿ ಕರಗದು, ಸಾಮಾನ್ಯ ಸ್ಥಿತಿಯಲ್ಲಿ ಬೇರಾವುದರೊಡನೆಯೂ ಸುಲಭವಾಗಿ ವರ್ತಿಸದು. ಬಿಳಿ ಬಣ್ಣಕ್ಕೆ ಬಿಳುಪು ಕೊಡುವ ಪುಡಿಯೂ ಇದೇ ವಸ್ತು. ಇಂಥ ಸಾಧು ಸ್ವಭಾವದ ಲೋಹದಿಂದ ಜೀವಕೋಶವನ್ನು ಕೊಲ್ಲುವ ಔಷಧ ಮಾಡಬೇಕೆಂದು ಯಾರಿಗಾದರೂ ಏಕೆ ತೋಚಿತು ಎಂಬುದು ಸಹಜವಾದ ಪ್ರಶ್ನೆ. ಉತ್ತರ ಆರಂಭವಾಗುವುದು ಟೈಟಾನಿಯಂನಿಂದಲ್ಲ, ಪ್ಲಾಟಿನಂನಿಂದ.

ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅವರು ಬ್ಯಾಕ್ಟೀರಿಯಾಗಳಿದ್ದ ದ್ರಾವಣದ ಮೂಲಕ ವಿದ್ಯುತ್ ಹರಿಸಿ ಅವುಗಳ ವಿಭಜನೆಯ ಮೇಲೆ ಆಗುವ ಪರಿಣಾಮವನ್ನು ನೋಡುತ್ತಿದ್ದರು. ಬ್ಯಾಕ್ಟೀರಿಯಾಗಳು ಸಾಯಲಿಲ್ಲ, ಒಡೆದು ಎರಡಾಗಲೂ ಇಲ್ಲ. ನೂಲಿನ ಎಳೆಗಳಂತೆ ಉದ್ದುದ್ದಕ್ಕೆ ಬೆಳೆಯುತ್ತ ಹೋದವು. ವಿಭಜನೆಯನ್ನು ತಡೆದದ್ದು ವಿದ್ಯುತ್ತಲ್ಲ, ಜಡವೆಂದು ನಂಬಿದ್ದ ಪ್ಲಾಟಿನಂ ವಿದ್ಯುದ್ವಾರದಿಂದ ಕರಗಿ ಬಂದ ಸಂಯುಕ್ತವೆಂದು ತಿಳಿದದ್ದು 1965ರಲ್ಲಿ. ಹೀಗೆ ಬೆಳಕಿಗೆ ಬಂದ ಸಿಸ್‌ಪ್ಲಾಟಿನ್ 1845ರಷ್ಟು ಹಿಂದೆಯೇ ರಸಾಯನವಿಜ್ಞಾನಿಗಳಿಗೆ ಗೊತ್ತಿದ್ದ ವಸ್ತು. ಅದಕ್ಕೆ ಔಷಧವಾಗಿ ಅಮೆರಿಕದಲ್ಲಿ ಅನುಮತಿ ದೊರೆತದ್ದು 1978ರಲ್ಲಿ. ವೃಷಣದ ಕ್ಯಾನ್ಸರ್ ಅನ್ನು ಬಹುಪಾಲು ಗುಣಪಡಿಸಬಹುದಾದ ಕಾಯಿಲೆಯನ್ನಾಗಿ ಮಾಡಿದ ಶ್ರೇಯಸ್ಸಿನಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಆದರೆ ಅದು ಮೂತ್ರಪಿಂಡವನ್ನು ಘಾಸಿಗೊಳಿಸುತ್ತದೆ, ಕಿವಿಯನ್ನು ಮಂದವಾಗಿಸುತ್ತದೆ, ನರಗಳಿಗೆ ಪೆಟ್ಟು ಕೊಡುತ್ತದೆ, ತೀವ್ರ ವಾಂತಿ ತರುತ್ತದೆ. ಅಲ್ಲದೆ ಮೊದಲು ಸೋತ ಗಡ್ಡೆಗಳು ಕೆಲಕಾಲದ ಮೇಲೆ ಔಷಧಕ್ಕೆ ಬಗ್ಗದಂತೆ ಒಗ್ಗಿಕೊಳ್ಳುವುದೂ ಉಂಟು. ಪ್ಲಾಟಿನಂ ಮಾಡಿದ ಕೆಲಸವನ್ನು ಅದರಷ್ಟು ಉಪದ್ರವವಿಲ್ಲದ ಇನ್ನೊಂದು ಲೋಹ ಮಾಡೀತೇ ಎಂಬ ಹುಡುಕಾಟ ಹುಟ್ಟಿದ್ದು ಹೀಗೆ.

1979ರಲ್ಲಿ ಬರ್ಲಿನ್‌ನ ಹಾರ್ಟ್‌ಮುಟ್ ಕೋಫ್ ಮತ್ತು ಪೆಟ್ರಾ ಕೋಫ್-ಮಾಯರ್ ಅವರು ಟೈಟನೊಸೀನ್ ಡೈಕ್ಲೋರೈಡ್ ಎಂಬ ಸಂಯುಕ್ತವು ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆಂದು ವರದಿ ಮಾಡಿದರು. ಈ ಸಂಯುಕ್ತವೂ ಹೊಸದಾಗಿರಲಿಲ್ಲ. 1950ರ ದಶಕದ ಮೊದಲ ಭಾಗದಲ್ಲಿ, ಇಂಗಾಲದ ಎರಡು ಉಂಗುರಗಳ ನಡುವೆ ಲೋಹದ ಪರಮಾಣುವೊಂದು ಸಿಕ್ಕಿಕೊಂಡಿರುವ ವಿಚಿತ್ರ ಸಂಯುಕ್ತಗಳ ಬೆನ್ನು ಹತ್ತಿದ್ದ ಜೆಫ್ರಿ ವಿಲ್ಕಿನ್ಸನ್ ಅವರ ತಂಡ ಇದನ್ನು ತಯಾರಿಸಿತ್ತು. ಆ ಬಗೆಯ ಸಂಯುಕ್ತಗಳ ಮೇಲಿನ ಕೆಲಸಕ್ಕಾಗಿ ವಿಲ್ಕಿನ್ಸನ್ ಅವರಿಗೂ ಅರ್ನ್‌ಸ್ಟ್ ಓಟೊ ಫಿಶರ್ ಅವರಿಗೂ 1973ರ ನೊಬೆಲ್ ಬಹುಮಾನ ಬಂತು. ಕೆಂಪು ಹರಳುಗಳಾಗಿ ಸಿಗುವ ಈ ವಸ್ತುವಿನ ಅಣುವನ್ನು ಅರ್ಧ ತೆರೆದ ಚಿಪ್ಪಿನಂತೆ ಕಲ್ಪಿಸಿಕೊಳ್ಳಬಹುದು. ಚಿಪ್ಪಿನ ಎರಡು ಹೋಳುಗಳೆಂದರೆ ಐದೈದು ಇಂಗಾಲಗಳಿರುವ ಎರಡು ಉಂಗುರಗಳು. ಅವು ಕೂಡುವಲ್ಲಿ ಟೈಟಾನಿಯಂ ಇದೆ. ತೆರೆದ ಬಾಯಿಯ ಕಡೆಗೆ ಎರಡು ಕ್ಲೋರಿನ್ ಪರಮಾಣುಗಳು ಅಕ್ಕಪಕ್ಕದಲ್ಲಿ ಚಾಚಿಕೊಂಡಿವೆ.

ಎರಡು ಕ್ಲೋರಿನ್‌ಗಳು ಹೀಗೆ ಅಕ್ಕಪಕ್ಕದಲ್ಲಿರುವುದೇ ಎಲ್ಲರ ಗಮನ ಸೆಳೆದದ್ದು, ಏಕೆಂದರೆ ಸಿಸ್‌ಪ್ಲಾಟಿನ್‌ನಲ್ಲಿಯೂ ಅವು ಹಾಗೆಯೇ ಇವೆ. ರಕ್ತದಲ್ಲಿ ಕ್ಲೋರೈಡ್ ಲೀಟರಿಗೆ ಸುಮಾರು 100 ಮಿಲಿಮೋಲ್‌ನಷ್ಟಿರುವುದರಿಂದ ಸಿಸ್‌ಪ್ಲಾಟಿನ್ ಅಲ್ಲಿ ತನ್ನ ಕ್ಲೋರಿನ್‌ಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿರುತ್ತದೆ. ಜೀವಕೋಶದೊಳಗೆ ಕ್ಲೋರೈಡ್ ಬಹಳ ಕಡಿಮೆ. ಅಲ್ಲಿ ಕ್ಲೋರಿನ್ ಕಳಚಿ ಆ ಜಾಗಕ್ಕೆ ನೀರು ಬರುತ್ತದೆ, ನೀರನ್ನು ಸರಿಸಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನೀನ್‌ನ ಸಾರಜನಕ ಬಂದು ಕೂರುತ್ತದೆ. ನೆರೆಹೊರೆಯ ಎರಡು ಗ್ವಾನೀನ್‌ಗಳನ್ನು ಪ್ಲಾಟಿನಂ ಹೀಗೆ ಹೊಲಿದುಬಿಟ್ಟರೆ ಡಿಎನ್‌ಎ ಆ ಜಾಗದಲ್ಲಿ ಬಾಗುತ್ತದೆ, ಅದರ ಪ್ರತಿ ತೆಗೆಯುವ ಕೆಲಸ ನಿಲ್ಲುತ್ತದೆ, ಕೋಶ ಸಾಯುತ್ತದೆ. ಟೈಟನೊಸೀನ್ ಕೂಡ ಇದನ್ನೇ ಮಾಡುತ್ತಿರಬೇಕು ಎಂಬುದು ಆರಂಭದ ಊಹೆಯಾಗಿತ್ತು. ಆಕಾರ ಒಂದೇ ಆದ ಮಾತ್ರಕ್ಕೆ ಕೆಲಸವೂ ಒಂದೇ ಆಗಬೇಕಿಲ್ಲವೆಂಬುದು ರಸಾಯನಶಾಸ್ತ್ರದಲ್ಲಿ ಹೊಸ ಮಾತೇನಲ್ಲ, ಆದರೂ ಈ ಊಹೆಯ ಹಿಡಿತದಿಂದ ಕ್ಷೇತ್ರವು ಬಿಡಿಸಿಕೊಳ್ಳಲು ಸಾಕಷ್ಟು ಕಾಲ ಹಿಡಿಯಿತು ಎಂದೇ ನನ್ನ ಅನಿಸಿಕೆ.

ಎರಡು ಲೋಹಗಳ ಸ್ವಭಾವ ಎಷ್ಟು ಬೇರೆ ಎಂಬುದನ್ನು ಇಲ್ಲಿ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನದೆಲ್ಲವೂ ಇದರ ಮೇಲೆಯೇ ನಿಂತಿದೆ. ಲೋಹದ ಅಯಾನುಗಳನ್ನು ರಸಾಯನವಿಜ್ಞಾನಿಗಳು ಮೆದು ಮತ್ತು ಗಡುಸು ಎಂದು ಎರಡು ಬಗೆಯಾಗಿ ನೋಡುತ್ತಾರೆ. ಗಾತ್ರದಲ್ಲಿ ದೊಡ್ಡದಾಗಿದ್ದು ಎಲೆಕ್ಟ್ರಾನ್ ಮೋಡ ಸುಲಭವಾಗಿ ಅಲುಗುವಂಥ ಪ್ಲಾಟಿನಂ ಮೆದು ಬಗೆಯದು. ಅದಕ್ಕೆ ಗಂಧಕ, ಸಾರಜನಕಗಳೆಂದರೆ ಒಲವು, ಮತ್ತು ಅದು ಒಮ್ಮೆ ಹಿಡಿದದ್ದನ್ನು ಬಿಡುವುದು ಬಲು ನಿಧಾನ. ನಾಲ್ಕು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು ಸಣ್ಣ ಗಾತ್ರದಲ್ಲಿ ನಾಲ್ಕು ಧನ ಆವೇಶಗಳನ್ನು ಹೊತ್ತಿರುವ ಟೈಟಾನಿಯಂ ಗಡುಸು ಬಗೆಯದು. ಅದಕ್ಕೆ ಬೇಕಾದದ್ದು ಆಮ್ಲಜನಕ, ಅದೂ ತಕ್ಷಣವೇ. ಜೀವಂತ ದೇಹದಲ್ಲಿ ಆಮ್ಲಜನಕ ಪರಮಾಣು ಅತಿ ಧಾರಾಳವಾಗಿ ಸಿಗುವುದು ನೀರಿನಲ್ಲಿ. ಹೀಗಾಗಿ ಟೈಟಾನಿಯಂ ಸಂಯುಕ್ತವನ್ನು ನೀರಿಗೆ ಹಾಕಿದರೆ ಅದು ತನ್ನೊಡನೆ ಬಂದ ಜೊತೆಗಾರರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಿಟ್ಟು ನೀರಿನ ಆಮ್ಲಜನಕದೊಡನೆ ಸೇರಿಕೊಳ್ಳಲು ಹೊರಡುತ್ತದೆ. ಈ ಪ್ರಕ್ರಿಯೆಗೆ ಜಲವಿಚ್ಛೇದನೆಯೆಂದು ಹೆಸರು, ಅದರ ಕೊನೆಯ ನಿಲ್ದಾಣ ಅದೇ ಕರಗದ ಬಿಳಿಯ ಡೈಆಕ್ಸೈಡ್. ಮೂಳೆಯಲ್ಲಿರುವ ತಿರುಪು ಮೊಳೆಯನ್ನು ನಿರುಪದ್ರವಿಯನ್ನಾಗಿ ಮಾಡಿದ ಒಲವು ಯಾವುದೋ, ಔಷಧದ ಅಣುವನ್ನು ಹಾದಿಯಲ್ಲೇ ಹಾಳುಮಾಡುವ ಒಲವೂ ಅದೇ.

ಟೈಟನೊಸೀನ್ ಡೈಕ್ಲೋರೈಡ್ ನೀರಿಗೆ ಬಿದ್ದೊಡನೆ ಮೊದಲ ಕ್ಲೋರಿನ್ ಎಷ್ಟು ಬೇಗ ಕಳಚುತ್ತದೆಂದರೆ ಅಳೆಯುವುದೇ ಕಷ್ಟ. ಎರಡನೆಯದರ ಅರ್ಧಾಯು, ಅಂದರೆ ಅರ್ಧ ಪಾಲು ಅಣುಗಳಲ್ಲಿ ಅದು ಕಳಚಲು ಹಿಡಿಯುವ ಕಾಲ, ಒಂದು ಗಂಟೆಗಿಂತ ಕಡಿಮೆ. ಇಂಗಾಲದ ಉಂಗುರಗಳು ಮಾತ್ರ ಇನ್ನಷ್ಟು ಹೊತ್ತು ತಾಳುತ್ತವೆ, ದ್ರಾವಣ ಆಮ್ಲೀಯವಾಗಿದ್ದರೆ ದಿನಗಟ್ಟಲೆ ಕೂಡ. ಕಳಚಿದ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ರೂಪದಲ್ಲಿ ದ್ರಾವಣವನ್ನು ತಾನಾಗಿಯೇ ಆಮ್ಲೀಯವಾಗಿಸುವುದರಿಂದ ಬಾಟಲಿಯೊಳಗೆ ಸಂಗತಿ ಒಂದಿಷ್ಟು ಹತೋಟಿಯಲ್ಲಿರುತ್ತದೆ. ಆದರೆ ರಕ್ತದ ಪಿಎಚ್ 7.4, ಅಂದರೆ ಅದು ಆಮ್ಲೀಯವಲ್ಲ, ತುಸು ಕ್ಷಾರೀಯ. ಆ ಮಟ್ಟಕ್ಕೆ ಬಂದಾಗ ಉಂಗುರಗಳೂ ಕಳಚತೊಡಗಿ, ಆಮ್ಲಜನಕದ ಸೇತುವೆಗಳಿಂದ ಒಂದಕ್ಕೊಂದು ಬೆಸೆದ ಟೈಟಾನಿಯಂ ಗೊಂಚಲುಗಳು ಹುಟ್ಟಿ, ಕಡೆಗೆ ಪ್ರಕ್ಷೇಪವಾಗಿ ತಳಕ್ಕಿಳಿಯುತ್ತವೆ. ಅಂದರೆ ರೋಗಿಯ ರಕ್ತನಾಳಕ್ಕೆ ಹೋಗುವುದು ಬಾಟಲಿಯ ಮೇಲೆ ಬರೆದಿರುವ ಅಣುವಲ್ಲ, ಗಡ್ಡೆಯನ್ನು ತಲುಪುವುದು ರಕ್ತನಾಳಕ್ಕೆ ಹೋದ ಅಣುವೂ ಅಲ್ಲ. ಗಡ್ಡೆಯನ್ನು ತಡೆದದ್ದು ಈ ಸಂತೆಯಲ್ಲಿ ಯಾವುದು ಎಂಬ ಪ್ರಶ್ನೆಗೆ ಖಚಿತವಾದ ಉತ್ತರ ಕೊಡುವುದು ಸಾಧ್ಯವಾಗಲಿಲ್ಲ.

ಇಷ್ಟೆಲ್ಲ ಗೊಂದಲವಿದ್ದೂ ಟೈಟಾನಿಯಂ ಸಂಯುಕ್ತಗಳು ಮನುಷ್ಯರ ಮೇಲಿನ ಪ್ರಯೋಗದವರೆಗೆ ಹೋದವು. ಮೊದಲು ಹೋದದ್ದು ಟೈಟನೊಸೀನ್ ಅಲ್ಲ, ಜರ್ಮನಿಯಲ್ಲಿ ಬರ್ನ್‌ಹಾರ್ಡ್ ಕೆಪ್ಲರ್ ಮತ್ತು ಸಂಗಡಿಗರು ಬೆಳೆಸಿದ ಬುಡೋಟಿಟೇನ್. ಇದರಲ್ಲಿ ಇಂಗಾಲದ ಉಂಗುರಗಳಿಗೆ ಬದಲಾಗಿ, ಆಮ್ಲಜನಕದ ಎರಡೆರಡು ಕೈಗಳಿಂದ ಟೈಟಾನಿಯಂ ಅನ್ನು ಹಿಡಿಯುವ ಎರಡು ಡೈಕಿಟೋನೇಟ್ ಘಟಕಗಳಿದ್ದವು. ಉಳಿದೆರಡು ಜಾಗಗಳಲ್ಲಿ ಸುಲಭವಾಗಿ ಕಳಚುವ ಈಥಾಕ್ಸಿ ಗುಂಪುಗಳು. 1986ರಲ್ಲಿ ಚಿಕಿತ್ಸಾ ಪ್ರಯೋಗಕ್ಕೆ ಬಂದ ಇದು ಪ್ಲಾಟಿನಂ ಹೊರತಾದ ಸಂಕ್ರಮಣ ಲೋಹಗಳ ಸಂಕೀರ್ಣಗಳಲ್ಲಿ ಆ ಹಂತ ಮುಟ್ಟಿದ ಮೊದಲನೆಯದು. ನೀರಿನಲ್ಲಿ ನಿಲ್ಲದ ಈ ವಸ್ತುವನ್ನು ಕ್ರೆಮೊಫೋರ್ ಎಂಬ ಎಣ್ಣೆಮೂಲದ ಸಹಾಯಕ ದ್ರವ್ಯದಲ್ಲಿ ಸುತ್ತಿ ಕೊಡಬೇಕಾಯಿತು. ಮೇಲಾಗಿ ಬುಡೋಟಿಟೇನ್ ದ್ರಾವಣದಲ್ಲಿ ಒಂದೇ ಅಣುವಾಗಿ ಇರುವುದಿಲ್ಲ. ಅದರ ಘಟಕಗಳು ಬೇರೆ ಬೇರೆ ರೀತಿಯಲ್ಲಿ ಜೋಡಣೆಗೊಂಡ ಹಲವು ಸಮಾಂಗಿಗಳು ಒಂದರಿಂದೊಂದಕ್ಕೆ ಸದಾ ಬದಲಾಗುತ್ತಿರುತ್ತವೆ, ಅವನ್ನು ಬೇರ್ಪಡಿಸಿ ಪರೀಕ್ಷಿಸಲು ಆಗದು. ಪ್ರಯೋಗದಲ್ಲಿ ಔಷಧದ ಪ್ರಮಾಣಕ್ಕೆ ಮಿತಿ ಹಾಕಿದ್ದು ಹೃದಯದ ಬಡಿತದಲ್ಲಿ ಕಂಡ ಏರುಪೇರು. ಬುಡೋಟಿಟೇನ್ ಮುಂದಕ್ಕೆ ಹೋಗಲಿಲ್ಲ.

ಟೈಟನೊಸೀನ್ ಡೈಕ್ಲೋರೈಡ್‌ನ ಸರದಿ 1990ರ ದಶಕದಲ್ಲಿ ಬಂತು. ಸುರಕ್ಷಿತ ಪ್ರಮಾಣವನ್ನು ಗೊತ್ತುಪಡಿಸುವ ಮೊದಲ ಹಂತದಲ್ಲಿ ಮಿತಿ ಹಾಕಿದ್ದು ಮೂತ್ರಪಿಂಡದ ಮೇಲಿನ ಪರಿಣಾಮ. ಬೇಡವೆಂದು ಬಿಟ್ಟು ಬಂದ ಪ್ಲಾಟಿನಂನ ದೋಷವೇ ಇಲ್ಲೂ ಎದುರಾದದ್ದು ಬೇಸರದ ಸಂಗತಿ. ಒಳ್ಳೆಯದೂ ಒಂದಿತ್ತು: ಹೆಚ್ಚಿನ ಕೀಮೋಥೆರಪಿ ಔಷಧಗಳು ಮಾಡುವ ಹಾಗೆ ಇದು ಮೂಳೆಯ ಮಜ್ಜೆಯನ್ನು ಕುಗ್ಗಿಸಲಿಲ್ಲ, ಹಾಗಾಗಿ ರಕ್ತಕಣಗಳ ಸಂಖ್ಯೆ ಕುಸಿಯಲಿಲ್ಲ. ಆದರೆ ಎರಡನೆಯ ಹಂತದಲ್ಲಿ, ದೇಹದಲ್ಲಿ ಹರಡಿದ್ದ ಮೂತ್ರಪಿಂಡದ ಕ್ಯಾನ್ಸರ್ ಮತ್ತು ಸ್ತನ ಕ್ಯಾನ್ಸರ್ ಇದ್ದ ಸಣ್ಣ ಸಂಖ್ಯೆಯ ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ಕಾಣಲಿಲ್ಲ, ಪ್ರಯೋಗವನ್ನು ಅಲ್ಲಿಗೆ ಕೈಬಿಡಲಾಯಿತು. ಇದನ್ನು ಟೈಟಾನಿಯಂನ ಸೋಲೆಂದು ಓದುವವರಿದ್ದಾರೆ. ನನಗೆ ಅದು ಅವಸರದ ತೀರ್ಮಾನವೆಂದು ತೋರುತ್ತದೆ. ದೇಹದೊಳಗೆ ಏನಾಗಿ ಉಳಿದಿದೆ ಎಂದು ಹೇಳಲಾಗದ ವಸ್ತುವೊಂದು ಸೋತಾಗ ಆ ಲೋಹದ ಬಗ್ಗೆ ನಮಗೆ ತಿಳಿಯುವುದು ಕಡಿಮೆ, ಆ ತಯಾರಿಕೆಯ ಬಗ್ಗೆ ತಿಳಿಯುವುದು ಹೆಚ್ಚು.

ಈ ನಡುವೆ ಇನ್ನೊಂದು ಪ್ರಶ್ನೆ ತಲೆಯೆತ್ತಿತ್ತು. ನೀರಿನಲ್ಲಿ ಕ್ಷಣಮಾತ್ರದಲ್ಲಿ ಚೆದುರುವ ಟೈಟಾನಿಯಂ, ಪ್ರಕ್ಷೇಪವಾಗಿ ಹೋಗುವ ಮುನ್ನ ಕ್ಯಾನ್ಸರ್ ಕೋಶದೊಳಗೆ ಹೋಗುವುದಾದರೂ ಹೇಗೆ? ಪೀಟರ್ ಸ್ಯಾಡ್ಲರ್ ಅವರ ತಂಡ 1990ರ ದಶಕದ ಕೊನೆಯ ವೇಳೆಗೆ ಸೊಗಸಾದ ಒಂದು ಸಾಧ್ಯತೆಯನ್ನು ಮುಂದಿಟ್ಟಿತು. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನಲ್ಲಿ ಕಬ್ಬಿಣ ಕೂರಲು ಎರಡು ಜಾಗಗಳಿವೆ. ಸಾಮಾನ್ಯವಾಗಿ ಅಂಥ ಜಾಗಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ತುಂಬಿದ್ದು ಉಳಿದವು ಖಾಲಿ. ಕಬ್ಬಿಣವನ್ನು ಅಲ್ಲಿ ಹಿಡಿಯುವ ಪರಮಾಣುಗಳಲ್ಲಿ ಹೆಚ್ಚಿನವು ಆಮ್ಲಜನಕ, ಟೈಟಾನಿಯಂಗೆ ಬೇಕಾದದ್ದೂ ಅದೇ. ಗಾತ್ರದಲ್ಲಿಯೂ ಎರಡು ಅಯಾನುಗಳು ಹತ್ತಿರದವು. ಟೈಟನೊಸೀನ್ ಅನ್ನು ಟ್ರಾನ್ಸ್‌ಫೆರಿನ್ ಜೊತೆ ಬಿಟ್ಟರೆ ಟೈಟಾನಿಯಂ ಉಂಗುರಗಳನ್ನು ತೊರೆದು ಆ ಖಾಲಿ ಜಾಗಗಳಲ್ಲಿ ಹೋಗಿ ಕೂರುತ್ತದೆಂದು ಅವರು ತೋರಿಸಿದರು. ಬೇಗಬೇಗ ಬೆಳೆಯುವ ಕ್ಯಾನ್ಸರ್ ಕೋಶಗಳಿಗೆ ಕಬ್ಬಿಣದ ಹಸಿವು ಹೆಚ್ಚು. ಅವುಗಳ ಮೈಮೇಲೆ ಟ್ರಾನ್ಸ್‌ಫೆರಿನ್ ಅನ್ನು ಬರಮಾಡಿಕೊಳ್ಳುವ ಗ್ರಾಹಕಗಳೂ ಹೆಚ್ಚು. ಕೋಶವು ಟ್ರಾನ್ಸ್‌ಫೆರಿನ್ ಅನ್ನು ಒಳಗೆಳೆದುಕೊಳ್ಳುವ ಪುಟ್ಟ ಚೀಲದ ಒಳಭಾಗ ಆಮ್ಲೀಯವಾಗಿದ್ದು, ಅಲ್ಲಿ ಟೈಟಾನಿಯಂ ಬಿಡುಗಡೆಯಾಗಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯಂಥ ಅಣುವಿನ ಕೈಗೆ ದಾಟಿ ಮುಂದೆ ಕೋಶಕೇಂದ್ರವನ್ನು ಸೇರಬಹುದು ಎಂಬುದು ವಾದದ ಉಳಿದ ಭಾಗ.

ಕಬ್ಬಿಣದ ಬಂಡಿಯಲ್ಲಿ ಕದ್ದು ಕುಳಿತ ಟೈಟಾನಿಯಂನ ಈ ಚಿತ್ರ ಎಷ್ಟು ಮನಸ್ಸಿಗೆ ಹಿಡಿಸುತ್ತದೆಯೋ ಅಷ್ಟೇ ಎಚ್ಚರಿಕೆಯಿಂದ ಅದನ್ನು ನೋಡಬೇಕು. ಟೈಟಾನಿಯಂ ಟ್ರಾನ್ಸ್‌ಫೆರಿನ್ ಅನ್ನು ಹಿಡಿಯುತ್ತದೆ ಎಂಬುದು ಒಂದು ಸಂಗತಿ, ಹಾಗೆ ಹಿಡಿದು ಒಳಹೋದದ್ದೇ ಕೋಶವನ್ನು ಕೊಲ್ಲುತ್ತದೆ ಎಂಬುದು ಬೇರೆಯೇ ಸಂಗತಿ. ಉಂಗುರಗಳನ್ನೆಲ್ಲ ಕಳಚಿ ಬಿಗಿಯಾಗಿ ಪ್ರೋಟೀನಿನೊಳಗೆ ಬಂಧಿಯಾದ ಟೈಟಾನಿಯಂ ವಿಷವಾಗುವುದಕ್ಕಿಂತ ವಿಷತ್ವವನ್ನು ಕಳೆದುಕೊಳ್ಳುವ ಸಾಧ್ಯತೆಯೂ ಇದೆ; ಟ್ರಾನ್ಸ್‌ಫೆರಿನ್ ಸಾಗಣೆಯ ಮಾರ್ಗವೋ ಅಥವಾ ಕಸದ ಬುಟ್ಟಿಯೋ ಎಂಬ ವಾದ ಇನ್ನೂ ಮುಗಿದಿಲ್ಲ. ಟ್ರಾನ್ಸ್‌ಫೆರಿನ್ ಜೊತೆ ವ್ಯವಹರಿಸದ ಟೈಟಾನಿಯಂ ಸಂಯುಕ್ತಗಳೂ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿಯೇ ಕೊಲ್ಲಬಲ್ಲವೆಂದು ಮುಂದೆ ತಿಳಿದುಬಂತು.

ಅಂಥ ಹೊಸ ಸಂಯುಕ್ತಗಳತ್ತ ಎರಡು ದಾರಿಗಳು ಹೊರಟವು. ಮೊದಲನೆಯದು ಉಂಗುರಗಳನ್ನು ಉಳಿಸಿಕೊಂಡು ಅವುಗಳಿಗೆ ಬೇರೆ ಗುಂಪುಗಳನ್ನು ಸೇರಿಸುವುದು. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಮಥಿಯಾಸ್ ಟಾಕೆ ಅವರ ತಂಡ ಪ್ರತಿ ಉಂಗುರಕ್ಕೂ ಮೆಥಾಕ್ಸಿಬೆನ್ಜೈಲ್ ಗುಂಪೊಂದನ್ನು ತೂಗಿಬಿಟ್ಟು ಟೈಟನೊಸೀನ್ ವೈ ಎಂಬ ಸಂಯುಕ್ತವನ್ನು ತಯಾರಿಸಿತು. ಕೋಶಗಳ ಅರ್ಧ ಪಾಲನ್ನು ತಡೆಯಲು ಎಷ್ಟು ಸಾಂದ್ರತೆ ಬೇಕು ಎಂಬುದು ಇಂಥ ಹೋಲಿಕೆಗಳ ಅಳತೆಗೋಲು. ಸಂಖ್ಯೆ ಚಿಕ್ಕದಾದಷ್ಟೂ ಔಷಧ ಚುರುಕು. ಹಂದಿಯ ಮೂತ್ರಪಿಂಡದಿಂದ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುವ ಒಂದು ಕೋಶಸಾಲಿನ ಮೇಲೆ ಹಳೆಯ ಟೈಟನೊಸೀನ್ ಡೈಕ್ಲೋರೈಡ್‌ಗೆ ಸುಮಾರು 2,000 ಮೈಕ್ರೊಮೋಲಾರ್ ಬೇಕಾಗಿದ್ದಲ್ಲಿ ಟೈಟನೊಸೀನ್ ವೈಗೆ 21 ಸಾಕಾಯಿತು. ಸಿಸ್‌ಪ್ಲಾಟಿನ್‌ಗೆ ಮೂರರಷ್ಟು ಸಾಕೆಂಬುದನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಈ ನೂರು ಪಟ್ಟು ಸುಧಾರಣೆಯನ್ನು ಮೆಚ್ಚಬೇಕು. ಉಂಗುರಗಳಿರುವ ಟೈಟಾನಿಯಂಗೆ ಚಿನ್ನದ ಪರಮಾಣುವಿರುವ ತುಣುಕನ್ನು ಜೋಡಿಸಿ, ಒಂದೇ ಅಣುವಿನಿಂದ ಎರಡು ಲೋಹಗಳ ಕೆಲಸ ತೆಗೆಯುವ ಪ್ರಯತ್ನವನ್ನು ನ್ಯೂಯಾರ್ಕ್‌ನಲ್ಲಿ ಮರಿಯಾ ಕೊಂಟೆಲ್ ಅವರ ತಂಡ ನಡೆಸಿದೆ; ಅದರ ಗುರಿ ಮುಖ್ಯವಾಗಿ ಮೂತ್ರಪಿಂಡದ ಕ್ಯಾನ್ಸರ್.

ಎರಡನೆಯ ದಾರಿ ಉಂಗುರಗಳನ್ನೇ ಬಿಟ್ಟುಬಿಡುವುದು. ಟೈಟಾನಿಯಂಗೆ ಆಮ್ಲಜನಕ ಬೇಕೇ ಬೇಕೆಂದಾದರೆ ಅದನ್ನು ನೀರು ಕೊಡುವ ಮೊದಲೇ ನಾವೇ ಕೊಟ್ಟುಬಿಡೋಣ, ಮತ್ತು ಬಿಡಿಸಿಕೊಳ್ಳಲಾಗದ ರೀತಿಯಲ್ಲಿ ಕೊಡೋಣ ಎಂಬುದು ಇದರ ತರ್ಕ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಎಡಿತ್ ಶುವಾ ಅವರ ತಂಡ 2007ರಲ್ಲಿ ವರದಿ ಮಾಡಿದ ಸಂಯುಕ್ತಗಳಲ್ಲಿ ಸಲಾನ್ ಎಂಬ ಒಂದೇ ಉದ್ದನೆಯ ಅಣು ಎರಡು ಆಮ್ಲಜನಕ ಮತ್ತು ಎರಡು ಸಾರಜನಕಗಳಿಂದ, ಅಂದರೆ ನಾಲ್ಕು ಕೈಗಳಿಂದ ಟೈಟಾನಿಯಂ ಅನ್ನು ತಬ್ಬಿಕೊಂಡಿರುತ್ತದೆ. ಟೈಟಾನಿಯಂ ಸುತ್ತಲಿನ ಆರು ಜಾಗಗಳಲ್ಲಿ ಉಳಿದೆರಡರಲ್ಲಿ ಕಳಚುವ ಗುಂಪುಗಳಿರುತ್ತವೆ. ನಾಲ್ಕರಲ್ಲಿ ಒಂದು ಕೈ ಜಾರಿದರೂ ಉಳಿದ ಮೂರು ಹಿಡಿದಿರುವುದರಿಂದ ಜಾರಿದ್ದು ಮತ್ತೆ ಬಂದು ಕೂರಲು ಅವಕಾಶ ಸಿಗುತ್ತದೆ. ಬಿಡಿಬಿಡಿಯಾಗಿ ಹಿಡಿದ ಘಟಕಗಳಿಗೆ ಈ ಅನುಕೂಲವಿಲ್ಲ. ಹೀಗಾಗಿ ಇವು ನೀರಿನಲ್ಲಿ ಹಳೆಯ ಎರಡಕ್ಕಿಂತ ಬಹಳ ಹೊತ್ತು ನಿಂತವು, ಅಂಡಾಶಯ ಹಾಗೂ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಅವಕ್ಕಿಂತ ಚೆನ್ನಾಗಿ ಕೆಲಸವನ್ನೂ ಮಾಡಿದವು.

ಇಲ್ಲಿ ಒಂದು ಸ್ವಾರಸ್ಯದ ತೊಡಕು ಎದುರಾಯಿತು. ಸಲಾನ್ ಸಂಯುಕ್ತಗಳೂ ಕಡೆಗೆ ನೀರಿಗೆ ಮಣಿದು ಮೂರು ಮೂರು ಟೈಟಾನಿಯಂಗಳ ಗೊಂಚಲುಗಳಾಗುತ್ತವೆ. ಆ ಗೊಂಚಲನ್ನೇ ಬೇರೆಯಾಗಿ ತಯಾರಿಸಿ ಕೋಶಗಳಿಗೆ ಕೊಟ್ಟರೆ ಏನೂ ಆಗಲಿಲ್ಲ. ಹಾಗಿದ್ದರೆ ಗೊಂಚಲು ಬರೀ ಹಾಳಾದ ಔಷಧವೆಂದು ತಳ್ಳಿಹಾಕಬಹುದಿತ್ತು. ಆದರೆ ಅದನ್ನೇ ನ್ಯಾನೋ ಕಣಗಳಾಗಿ ಮಾಡಿ ಕೊಟ್ಟಾಗ ಅದು ಕೋಶಗಳನ್ನು ಕೊಂದಿತು. ಅಂದರೆ ಮೊದಲು ಕಂಡ ವೈಫಲ್ಯಕ್ಕೆ ಕಾರಣ ಗೊಂಚಲಿನ ನಿಷ್ಕ್ರಿಯತೆಯಲ್ಲ. ಅದು ಕರಗದೆ, ಕೋಶದೊಳಗೆ ಹೋಗಲಾರದೆ ಹೊರಗೇ ಉಳಿದಿತ್ತು. ಔಷಧ ಕೆಲಸ ಮಾಡಲಿಲ್ಲ ಎಂಬ ಮಾತಿನ ಹಿಂದೆ ಎಷ್ಟು ಬೇರೆ ಬೇರೆ ಅರ್ಥಗಳು ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಆ ಮೇಲೆ ಬಂದ ಸಂಯುಕ್ತಗಳಲ್ಲಿ ಕಳಚುವ ಗುಂಪುಗಳಿಗೇ ಜಾಗವಿಲ್ಲ. ಜರ್ಮನಿಯ ಕೊನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಥಾಮಸ್ ಹೂನ್ ಅವರ ತಂಡ ಸಲಾನ್ ಜೊತೆಗೆ ಪಿರಿಡೀನ್ ಡೈಕಾರ್ಬಾಕ್ಸಿಲಿಕ್ ಆಮ್ಲವನ್ನು ಸೇರಿಸಿ ಉಳಿದ ಜಾಗಗಳನ್ನೂ ಮುಚ್ಚಿತು. ಶುವಾ ಅವರ ತಂಡ ಆರೂ ಕಡೆಯಿಂದ ಒಂದೇ ಅಣು ಸುತ್ತಿಕೊಳ್ಳುವ, ಫಿನೋಲಾಟಿ ಎಂದು ಕರೆದ ಸಂಯುಕ್ತವನ್ನು ರೂಪಿಸಿತು. ನೀರಿನಲ್ಲಿ ವಾರಗಟ್ಟಲೆ ಕೆಡದೆ ನಿಲ್ಲುವ ಇದು ಇಲಿಗಳಲ್ಲಿ ಗಡ್ಡೆಯನ್ನು ತಡೆಯಿತು, ಎದ್ದು ಕಾಣುವ ವಿಷಪರಿಣಾಮವನ್ನು ತೋರಲಿಲ್ಲ, ಪ್ಲಾಟಿನಂ ಔಷಧಗಳ ಜೊತೆಗೂಡಿಯೂ ಕೆಲಸ ಮಾಡಿತು. ಇವುಗಳ ಪರಿಣಾಮ ಡಿಎನ್‌ಎಗಿಂತ ಮುಖ್ಯವಾಗಿ ಪ್ರೋಟೀನುಗಳು ಮಡಿಕೆಗೊಂಡು ಸಿದ್ಧವಾಗುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಶಭಾಗದಲ್ಲಿ ಕಾಣುತ್ತದೆ. ಅಲ್ಲಿ ಒತ್ತಡ ಮಿತಿಮೀರಿದಾಗ ಕೋಶವು ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುತ್ತದೆ. ದಾರಿ ಬೇರೆಯಾಗಿರುವುದು ನಿಜವಾದ ಅನುಕೂಲ, ಏಕೆಂದರೆ ಡಿಎನ್‌ಎಗೆ ಬಿದ್ದ ಪೆಟ್ಟನ್ನು ಸರಿಪಡಿಸಿಕೊಳ್ಳುವುದನ್ನು ಕಲಿತು ಪ್ಲಾಟಿನಂಗೆ ಬಗ್ಗದಂತಾದ ಗಡ್ಡೆಗೆ ಈ ಹೊಡೆತ ಹೊಸದು.

ಟೈಟಾನಿಯಂ ದೇಹದಲ್ಲಿ ಎಲ್ಲಿಗೆ ಹೋಗುತ್ತದೆಂದು ನೋಡಲು ಈಗ ಅದರದೇ ವಿಕಿರಣಶೀಲ ಸೋದರನೊಂದು ಒದಗುತ್ತದೆ. ಟೈಟಾನಿಯಂ-45 ಎಂಬ ಈ ಐಸೊಟೋಪಿನ ಅರ್ಧಾಯು ಸುಮಾರು ಮೂರು ಗಂಟೆ; ಪಾಸಿಟ್ರಾನ್ ಎಂಬ ಕಣವನ್ನು ಹೊರಸೂಸುವುದರಿಂದ, ದೇಹದೊಳಗೆ ಅಂಥ ವಸ್ತು ಎಲ್ಲಿದೆ ಎಂಬುದರ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್‌ನಲ್ಲಿ ಅದರ ಜಾಡು ಹಿಡಿಯಬಹುದು. ಸಲಾನ್ ಬಗೆಯ ಗಟ್ಟಿ ಹಿಡಿತದ ಸಂಯುಕ್ತಗಳಲ್ಲಿ ಇದನ್ನು ಕೂರಿಸಿ ಇಲಿಗಳಲ್ಲಿ ಪರೀಕ್ಷಿಸಲಾಗಿದೆ. ಹಳೆಯ ಎರಡು ಔಷಧಗಳ ಕಾಲದಲ್ಲಿ ಊಹೆಯಾಗಿಯೇ ಉಳಿದಿದ್ದನ್ನು ಕಣ್ಣಾರೆ ನೋಡುವ ಈ ಸೌಲಭ್ಯ, ನನ್ನ ದೃಷ್ಟಿಯಲ್ಲಿ, ಇನ್ನೊಂದು ಹೊಸ ಸಂಯುಕ್ತಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಇಷ್ಟಾದರೂ ಟೈಟಾನಿಯಂ ಆಧಾರಿತ ಯಾವ ಕ್ಯಾನ್ಸರ್ ಔಷಧಕ್ಕೂ ಇಂದಿನವರೆಗೆ ಚಿಕಿತ್ಸೆಯಲ್ಲಿ ಬಳಸುವ ಅನುಮತಿ ದೊರೆತಿಲ್ಲ. ಗಾಜಿನ ತಟ್ಟೆಯಲ್ಲಿನ ಕೋಶಗಳನ್ನು ಕೊಲ್ಲುವ ವಸ್ತುಗಳು ಅಸಂಖ್ಯ. ಇಲಿಯಲ್ಲಿ ಗಡ್ಡೆಯನ್ನು ತಡೆಯುವವು ಅವುಗಳಲ್ಲಿ ಕೆಲವು. ಮನುಷ್ಯನಿಗೆ ಉಪಕಾರವಾಗುವವು ಬೆರಳೆಣಿಕೆಯಷ್ಟು. ಇಲಿಗಳಲ್ಲಿ ಗೆದ್ದ ಟೈಟನೊಸೀನ್ ಡೈಕ್ಲೋರೈಡ್ ರೋಗಿಗಳಲ್ಲಿ ಸೋತದ್ದನ್ನು ಕಂಡವರು ಹೊಸ ಸಂಯುಕ್ತಗಳ ಇಲಿ ಪ್ರಯೋಗಗಳನ್ನು ಎಚ್ಚರದಿಂದಲೇ ಓದಬೇಕಾಗುತ್ತದೆ. ಇದಲ್ಲದೆ ಗಟ್ಟಿ ಸಂಯುಕ್ತಗಳು ತಂದಿಟ್ಟಿರುವ ಒಗಟೊಂದಿದೆ. ಸಿಸ್‌ಪ್ಲಾಟಿನ್ ಕೆಲಸ ಮಾಡುವುದು ತನ್ನ ಕ್ಲೋರಿನ್‌ಗಳನ್ನು ಕಳಚಿಕೊಂಡು. ಏನನ್ನೂ ಕಳಚದ, ಆರೂ ಕಡೆ ಮುಚ್ಚಿಕೊಂಡ ಟೈಟಾನಿಯಂ ಅಣು ಕೋಶದೊಳಗೆ ಯಾವುದನ್ನು, ಯಾವುದರಿಂದ ಹಿಡಿಯುತ್ತದೆ? ಅದು ಇಡಿಯಾಗಿಯೇ ಯಾವುದೋ ಪ್ರೋಟೀನಿನ ಸಂದಿಯಲ್ಲಿ ಹೋಗಿ ಕೂರುತ್ತದೆಯೋ, ಅಥವಾ ಬೀಕರಿನ ನೀರಿನಲ್ಲಿ ವಾರಗಟ್ಟಲೆ ತಾಳಿದ್ದು ಕೋಶದ ಯಾವುದೋ ಮೂಲೆಯಲ್ಲಿ ಮಾತ್ರ ತೆರೆದುಕೊಳ್ಳುತ್ತದೆಯೋ ಎಂಬುದನ್ನು ಪ್ರಯೋಗಾಲಯಗಳು ಇನ್ನೂ ಬಿಡಿಸುತ್ತಿವೆ.